ಹಳೆಯ ವರ್ಕ್‌ಸ್ಟೇಷನ್‌ಗೆ ಹೊಸ ಭಾಗ: ಹೊಂದುತ್ತದೆ ಎಂಬ ಮಾತು ಬಿಲ್ಲಿನಲ್ಲಿ ಬರಲಿ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ನಡೆಸುವ ತಂತ್ರಾಂಶವಾದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ, ಸುರಕ್ಷತಾ ಅಪ್‌ಡೇಟ್ ಸೇರಿದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದಿನಿಂದ ಗದಗ-ಬೆಟಗೇರಿಯ ಮುದ್ರಣಾಲಯಗಳಲ್ಲಿ, ಹುಬ್ಬಳ್ಳಿ-ಧಾರವಾಡದ ಡಿಟಿಪಿ ಅಂಗಡಿ ಹಾಗೂ ಫೋಟೊ ಸ್ಟುಡಿಯೊಗಳಲ್ಲಿ, ಮನೆಯ ನಕ್ಷೆ ತೆಗೆದುಕೊಡುವ ಎಂಜಿನಿಯರ್‌ಗಳ ಕಚೇರಿಗಳಲ್ಲಿ ಒಂದೇ ಚರ್ಚೆ ನಡೆದಿದೆ: ಇರುವ ಯಂತ್ರಕ್ಕೆ ಪ್ರೊಸೆಸರ್ ಎಂಬ ಮುಖ್ಯ ಚಿಪ್, ರ‍್ಯಾಮ್ ಎಂಬ ಮೆಮೊರಿ, ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬದಲಿಸಿ ಇನ್ನಷ್ಟು ವರ್ಷ ನಡೆಸುವುದೋ ಅಥವಾ ಸಾಲ ಮಾಡಿಯಾದರೂ ಹೊಸದನ್ನೇ ತರುವುದೋ. ಮೊದಲನೆಯ ದಾರಿ ಹಿಡಿದವರಲ್ಲಿ ಹಲವರು ಒಳ್ಳೆಯ ಭಾಗಗಳಿಗೇ ದುಡ್ಡು ಕೊಟ್ಟು, ಅವು ತಮ್ಮ ಯಂತ್ರಕ್ಕೆ ಹೊಂದದೆ, ಅಂಗಡಿಗೆ ಹಿಂದಿರುಗಿಸಲೂ ಆಗದೆ, ಕಪಾಟಿನಲ್ಲಿ ಇಟ್ಟುಕೊಂಡು ಕುಳಿತಿದ್ದಾರೆ. ಗದಗಿನ ಮುದ್ರಣಾಲಯವೊಂದರ ಮುದ್ರಣಪೂರ್ವ ವಿಭಾಗದಲ್ಲಿ ಇಂಥ ಯಂತ್ರಗಳ ಮೇಲೆಯೇ ದುಡಿಯುವ ನಾನು, ಈ ನಷ್ಟಕ್ಕೆ ಒಂದು ಸರಳ ಪರಿಹಾರ ಇದೆ ಎಂದು ನಂಬಿರುವುದರಿಂದ, ಅದನ್ನು ತಮ್ಮ ಪತ್ರಿಕೆಯ ಮೂಲಕ ವ್ಯಾಪಾರಸ್ಥರ ಮತ್ತು ಬಳಕೆದಾರರ ಮುಂದೆ ಇಡಬಯಸುತ್ತೇನೆ. ಕಂಪ್ಯೂಟರ್ ಭಾಗ ಮಾರುವವರು ಆ ಭಾಗದ ಹೆಸರಿನ ಜೊತೆಗೆ, ಅದನ್ನು ಯಾವ ಮಾದರಿಯ ಯಂತ್ರಕ್ಕಾಗಿ ಕೊಟ್ಟೆವು ಎಂಬುದನ್ನೂ ಅದು ಆ ಯಂತ್ರಕ್ಕೆ ಹೊಂದುತ್ತದೆ ಎಂಬುದನ್ನೂ ಬಿಲ್ಲಿನಲ್ಲಿ ಬರೆದುಕೊಡಬೇಕು.

ಈ ಯಂತ್ರಗಳು ನಮ್ಮ ಊರಿಗೆ ಹೇಗೆ ಬಂದವು ಎಂಬುದನ್ನು ಮೊದಲು ಹೇಳಬೇಕಾಗುತ್ತದೆ. ಮುದ್ರಣ ಕಾಶಿ ಎಂದು ಹೆಸರಾದ ಗದಗಿನಲ್ಲಿ ಲಗ್ನಪತ್ರಿಕೆ, ಕ್ಯಾಲೆಂಡರ್, ನೋಟ್‌ಬುಕ್, ಜಾತ್ರೆಯ ಭಿತ್ತಿಪತ್ರ, ಪುಸ್ತಕ ಎಂದು ವರ್ಷವಿಡೀ ಕೆಲಸ ಇರುತ್ತದೆ. ದೊಡ್ಡ ಅಳತೆಯ ಚಿತ್ರಗಳನ್ನು ಹತ್ತಾರು ಪದರಗಳಲ್ಲಿ ತೆರೆದಿಟ್ಟುಕೊಂಡು, ಅದರ ಪಕ್ಕದಲ್ಲೇ ಇನ್ನೂರು ಪುಟದ ಪುಸ್ತಕವನ್ನು ಜೋಡಿಸುವಾಗ ಸಾಧಾರಣ ಕಂಪ್ಯೂಟರ್ ತಡೆಯುವುದಿಲ್ಲ, ಭಾರದ ಕೆಲಸಕ್ಕೆಂದೇ ಕಟ್ಟಿದ ವರ್ಕ್‌ಸ್ಟೇಷನ್ ಬೇಕು. ಹೊಸ ವರ್ಕ್‌ಸ್ಟೇಷನ್‌ನ ಬೆಲೆಯೋ ಸಣ್ಣ ಮುದ್ರಕರ ಕೈಗೆ ಎಟುಕುವುದಿಲ್ಲ. ಬೆಂಗಳೂರಿನ ದೊಡ್ಡ ಕಚೇರಿಗಳು ಲೀಸ್ ಮುಗಿದ ಮೇಲೆ ಬಿಟ್ಟುಕೊಟ್ಟ ಎಚ್‌ಪಿ ಝಡ್ ಸರಣಿ, ಡೆಲ್ ಪ್ರಿಸಿಷನ್, ಲೆನೊವೊ ಥಿಂಕ್‌ಸ್ಟೇಷನ್ ಯಂತ್ರಗಳು ಎಸ್.ಪಿ. ರಸ್ತೆಯ ವ್ಯಾಪಾರಿಗಳಿಂದ ಹುಬ್ಬಳ್ಳಿಗೆ, ಅಲ್ಲಿಂದ ಗದಗ, ಹಾವೇರಿಗಳಿಗೆ ಬಂದದ್ದು ಹೀಗೆ. ಇವು ಕಳಪೆ ಯಂತ್ರಗಳಲ್ಲ. ಹಗಲು ರಾತ್ರಿ ದುಡಿಯಲೆಂದೇ ಕಟ್ಟಿದಂಥವು. ದಪ್ಪ ತಗಡಿನ ಕ್ಯಾಬಿನೆಟ್, ತಪ್ಪು ಬಿದ್ದ ಬಿಟ್ಟನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ, ಒಂದಕ್ಕಿಂತ ಹೆಚ್ಚು ಹಾರ್ಡ್ ಡಿಸ್ಕ್‌ಗೆ ಜಾಗ, ಎಲ್ಲವೂ ಅವುಗಳಲ್ಲಿ ಇವೆ. ಇವನ್ನು ಗುಜರಿಗೆ ಹಾಕದೆ ಸುಧಾರಿಸಿಕೊಂಡು ಬಳಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಸುಧಾರಣೆ ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ಬಿಡಿಸಿ ಹೇಳುತ್ತೇನೆ. ನಮ್ಮ ಭಾಗದಲ್ಲಿ ಹೆಚ್ಚಾಗಿ ಕಾಣುವ ಎಚ್‌ಪಿ ಝಡ್420 ಎಂಬುದು 2012ರ ಮಾದರಿ. ಅದು ಬಂದಾಗ ಅದರಲ್ಲಿ ಇದ್ದದ್ದು ಇಂಟೆಲ್ ಕಂಪನಿಯ ಝಿಯಾನ್ ಇ5 ಪ್ರೊಸೆಸರ್ ಸರಣಿಯ ಮೊದಲ ಆವೃತ್ತಿ. 2013ರ ಸೆಪ್ಟೆಂಬರ್‌ನಲ್ಲಿ ಇದೇ ಸರಣಿಯ ಎರಡನೆಯ ಆವೃತ್ತಿ, ಅಂದರೆ ಹೆಸರಿನ ಕೊನೆಗೆ ವಿ2 ಎಂದು ಇರುವ ಪ್ರೊಸೆಸರ್‌ಗಳು ಬಂದವು. ಇವೆರಡಕ್ಕೂ ಸಾಕೆಟ್, ಅಂದರೆ ಪ್ರೊಸೆಸರ್ ಕೂರಿಸುವ ಜಾಗ, ಒಂದೇ, ಎಲ್‌ಜಿಎ 2011. ನಾಲ್ಕು ಕೋರಿನ ಇ5-1620 ತೆಗೆದು ಆರು ಕೋರಿನ ಇ5-1650 ವಿ2 ಕೂರಿಸಿದರೆ ಯಂತ್ರಕ್ಕೆ ಹೊಸ ಕಸುವು ಬರುತ್ತದೆ ಎಂಬ ಲೆಕ್ಕಾಚಾರ ಸರಿಯಾದದ್ದೇ. ಆದರೆ ಮದರ್‌ಬೋರ್ಡ್ ಎಂಬ ಮುಖ್ಯ ಫಲಕದಲ್ಲಿ, ಯಂತ್ರವನ್ನು ಚಾಲೂ ಮಾಡುವ ಬಯೋಸ್ ಎಂಬ ತಂತ್ರಾಂಶದ ಒಳಗೆ ಬೂಟ್ ಬ್ಲಾಕ್ ಎಂಬ ಒಂದು ಭಾಗ ಇದೆ. ಅದರ ದಿನಾಂಕ 2013ರದ್ದಾಗಿದ್ದರೆ ವಿ2 ಪ್ರೊಸೆಸರ್ ಆ ಬೋರ್ಡಿನಲ್ಲಿ ನಡೆಯುತ್ತದೆ; 2011ರದ್ದಾಗಿದ್ದರೆ ನಡೆಯುವುದಿಲ್ಲ. ಬಯೋಸನ್ನು ಎಷ್ಟೇ ಹೊಸದಕ್ಕೆ ಅಪ್‌ಡೇಟ್ ಮಾಡಿದರೂ ಬೂಟ್ ಬ್ಲಾಕ್ ಹಳೆಯದೇ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಬೋರ್ಡುಗಳು ಒಂದೇ ತೆರನಾಗಿ ಕಾಣುತ್ತವೆ, ಪೆಟ್ಟಿಗೆಯ ಮೇಲಿನ ಹೆಸರೂ ಒಂದೇ. ಯಂತ್ರ ಚಾಲೂ ಆಗುವಾಗ ಎಫ್10 ಒತ್ತಿ, ಫೈಲ್ ಎಂಬಲ್ಲಿ ಸಿಸ್ಟಂ ಇನ್ಫರ್ಮೇಷನ್ ತೆರೆದರೆ ಮಾತ್ರ ಆ ದಿನಾಂಕ ಕಣ್ಣಿಗೆ ಬೀಳುತ್ತದೆ. ನೋಡಲು ಒಂದು ನಿಮಿಷವೂ ಬೇಡ. ಆದರೆ ಭಾಗ ಕೊಳ್ಳುವ ಮೊದಲು ಅದನ್ನು ನೋಡಿ ಎಂದು ಹೇಳುವವರು ಬೇಕು.

ಬೆಟಗೇರಿಯ ನನ್ನ ಸ್ನೇಹಿತರೊಬ್ಬರಿಗೆ ಹಾಗೆ ಹೇಳುವವರು ಸಿಗಲಿಲ್ಲ. ಕ್ಯಾಲೆಂಡರ್ ಕೆಲಸ ಜೋರಾಗಿದ್ದ ಕಾಲದಲ್ಲಿ ಅವರು ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಫೋನ್ ಮಾಡಿ, ತಮ್ಮ ಯಂತ್ರದ ಮಾದರಿಯನ್ನು ಸ್ಪಷ್ಟವಾಗಿ ತಿಳಿಸಿ, ವಿ2 ಪ್ರೊಸೆಸರ್ ನಡೆಯುತ್ತದೆಯೇ ಎಂದು ಕೇಳಿದರು. "ಸಾಕೆಟ್ ಒಂದೇ ಐತ್ರೀ, ಚಿಂತಿ ಮಾಡಬ್ಯಾಡ್ರಿ, ಹಾಕ್ರಿ" ಎಂಬ ಉತ್ತರ ಬಂತು. ಹಾಕಿದ ಮೇಲೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಪ್ರೊಸೆಸರ್ ಒಯ್ದಾಗ ಅಂಗಡಿಯವರು ಅದನ್ನು ತಮ್ಮ ಬಳಿ ಇದ್ದ ಬೇರೊಂದು ಯಂತ್ರದಲ್ಲಿ ಕೂರಿಸಿ, ನಡೆಸಿ ತೋರಿಸಿ, "ಮಾಲು ಚಲೋ ಐತಲ್ರೀ, ವಾಪಸ್ ಹ್ಯಾಂಗ್ ತಗೊಳ್ಳೂದು?" ಎಂದು ಕೇಳಿದರು. ಅಂಗಡಿಯವರು ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಮಾಲು ನಿಜಕ್ಕೂ ಚೆನ್ನಾಗಿತ್ತು. ಮಾಲು ಚೆನ್ನಾಗಿರುವುದು ಬೇರೆ, ಕೊಂಡವರ ಯಂತ್ರಕ್ಕೆ ಅದು ಹೊಂದುವುದು ಬೇರೆ ಎಂಬುದನ್ನು ನಮ್ಮ ವ್ಯಾಪಾರದ ಪದ್ಧತಿ ಇನ್ನೂ ಒಪ್ಪಿಕೊಂಡಿಲ್ಲ. ನನ್ನ ತಕರಾರು ಅಷ್ಟೇ. ಎರಡು ಆಫ್‌ಸೆಟ್ ಯಂತ್ರಗಳ ಹಾಳೆಯ ಅಳತೆ ಒಂದೇ ಇದ್ದರೂ ಒಂದರ ಪ್ಲೇಟು ಇನ್ನೊಂದರ ಸಿಲಿಂಡರಿಗೆ ಕೂರಬೇಕೆಂದಿಲ್ಲ ಎಂಬುದು ನಮ್ಮ ಮುದ್ರಕರಿಗೆಲ್ಲ ಗೊತ್ತು; ಕಂಪ್ಯೂಟರಿನಲ್ಲೂ ಸ್ಥಿತಿ ಹಾಗೆಯೇ ಇದೆ.

ಇದೇ ಸಾಕೆಟ್ಟಿನ ಹೆಸರಿನಲ್ಲಿ ಇನ್ನೊಂದು ತೊಡಕೂ ಇದೆ. ಝಿಯಾನ್ ಇ5 ಸರಣಿಯ ಮೂರನೆಯ ಆವೃತ್ತಿಯ ಸಾಕೆಟ್ಟಿನ ಹೆಸರು ಎಲ್‌ಜಿಎ 2011-3. ಹೆಸರು ಹೆಚ್ಚುಕಡಿಮೆ ಒಂದೇ ಆದರೂ ಹಳೆಯ ಬೋರ್ಡಿನಲ್ಲಿ ಅದು ಕೂರುವುದೇ ಇಲ್ಲ, ಅದರ ಮೆಮೊರಿಯೂ ಹಳೆಯ ಬಗೆಯ ಡಿಡಿಆರ್3 ಅಲ್ಲ, ಮುಂದಿನ ತಲೆಮಾರಿನ ಡಿಡಿಆರ್4. ಫೋನಿನಲ್ಲಿ "2011 ಸಾಕೆಟ್" ಎಂದಷ್ಟೇ ಹೇಳಿ ತರಿಸಿಕೊಂಡರೆ ಯಾವುದು ಬರುತ್ತದೆ ಎಂಬುದಕ್ಕೆ ಖಾತ್ರಿ ಇಲ್ಲ.

ರ‍್ಯಾಮ್ ವಿಷಯದಲ್ಲಿ ಆಗುತ್ತಿರುವ ನಷ್ಟ ಇದಕ್ಕಿಂತ ದೊಡ್ಡದು, ಏಕೆಂದರೆ ಎಲ್ಲರೂ ಮೊದಲು ಕೊಳ್ಳುವುದು ಅದನ್ನೇ. ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4ಕ್ಕೆ 288 ಪಿನ್. ಕಚ್ಚಿನ ಜಾಗವೂ ಬೇರೆ ಆದ್ದರಿಂದ ಅಲ್ಲಿ ಗೊಂದಲಕ್ಕೆ ಆಸ್ಪದ ಕಡಿಮೆ. ತೊಂದರೆ ಇರುವುದು ಡಿಡಿಆರ್3ರ ಒಳಗೇ. ಸರ್ವರ್‌ಗಳಿಂದ ಕಳಚಿದ ಎಂಟು ಮತ್ತು ಹದಿನಾರು ಜಿಬಿಯ ಕಡ್ಡಿಗಳು ಈಗ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುತ್ತವೆ. ಅವುಗಳ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಬೇಕು. ಪಿಸಿ3-12800 ಎಂಬ ಅಂಕಿಯ ಕೊನೆಯಲ್ಲಿ ಆರ್ ಎಂಬ ಅಕ್ಷರ ಇದ್ದರೆ ಅದು ರಿಜಿಸ್ಟರ್ ಎಂಬ ಹೆಚ್ಚುವರಿ ಚಿಪ್ ಇರುವ ರಿಜಿಸ್ಟರ್ಡ್ ಮೆಮೊರಿ, ಇ ಎಂದು ಇದ್ದರೆ ರಿಜಿಸ್ಟರ್ ಇಲ್ಲದ ಇಸಿಸಿ ಮೆಮೊರಿ, ಯು ಎಂದು ಇದ್ದರೆ ಸಾಮಾನ್ಯ ಡೆಸ್ಕ್‌ಟಾಪ್ ಮೆಮೊರಿ. ಕಡ್ಡಿಯ ಉದ್ದ, ಪಿನ್, ಕಚ್ಚು, ವೇಗ ಎಲ್ಲವೂ ಒಂದೇ. ಬೇರೆ ಇರುವುದು ಆ ಒಂದು ಅಕ್ಷರ. ಆರ್ ಇರುವ ಕಡ್ಡಿ ಕೋರ್ ಐ5, ಐ7 ಇರುವ ಡೆಸ್ಕ್‌ಟಾಪ್‌ನಲ್ಲಿ ನಡೆಯುವುದಿಲ್ಲ. ಆರ್ ಇರುವ ಕಡ್ಡಿಯನ್ನು ರಿಜಿಸ್ಟರ್ ಇಲ್ಲದ ಕಡ್ಡಿಗಳ ಜೊತೆ ಬೆರೆಸಿದರೆ ಯಾವ ವರ್ಕ್‌ಸ್ಟೇಷನ್ ಕೂಡ ಏಳುವುದಿಲ್ಲ, ಬೀಪ್ ಸದ್ದು ಮಾಡುತ್ತ ನಿಲ್ಲುತ್ತದೆ. "ಡಿಡಿಆರ್3, 8 ಜಿಬಿ" ಎಂದು ಬರೆದ ಬಿಲ್ಲಿನಲ್ಲಿ ಈ ಅಕ್ಷರಕ್ಕೆ ಜಾಗವೇ ಇರುವುದಿಲ್ಲ. ಮುಂದೆ ಜಗಳ ಬಂದಾಗ ಏನನ್ನು ಕೇಳಿದ್ದೆವು, ಏನನ್ನು ಕೊಟ್ಟರು ಎಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ.

ಗ್ರಾಫಿಕ್ಸ್ ಕಾರ್ಡಿನ ಸಂಗತಿ ಸುರಕ್ಷತೆಗೆ ಸಂಬಂಧಿಸಿದ್ದಾದ್ದರಿಂದ ಅದನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅಗತ್ಯ. ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಿಂದ ಅದಕ್ಕೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯಿಂದ ನೇರವಾಗಿ ಪ್ಲಗ್ ಕೊಡಬೇಕು. 6 ಪಿನ್ ಪ್ಲಗ್ 75 ವ್ಯಾಟಿಗೆ, 8 ಪಿನ್ ಪ್ಲಗ್ 150 ವ್ಯಾಟಿಗೆ ಎಂದು ನಿಗದಿಯಾಗಿದೆ. 170 ವ್ಯಾಟ್ ಬೇಡುವ ಎನ್‌ವಿಡಿಯಾ ಆರ್‌ಟಿಎಕ್ಸ್ 3060ರಂಥ ಕಾರ್ಡನ್ನು 8 ಪಿನ್ ಪ್ಲಗ್ಗೇ ಇಲ್ಲದ ಹಳೆಯ ಯಂತ್ರಕ್ಕೆ ಹಾಕುವಾಗ, ಹಾರ್ಡ್ ಡಿಸ್ಕ್‌ಗೆಂದು ಇರುವ ಸಾಟಾ ಪ್ಲಗ್ಗಿನಿಂದ 8 ಪಿನ್‌ಗೆ ತಿರುಗಿಸುವ ತಂತಿಯನ್ನು ಕೆಲವರು ಸೇರಿಸಿ ಕೊಡುತ್ತಾರೆ. ಸಾಟಾ ಪ್ಲಗ್ಗಿನ 12 ವೋಲ್ಟಿನ ಪಿನ್ನುಗಳು ತಾಳಿಕೊಳ್ಳುವುದು ಸುಮಾರು 54 ವ್ಯಾಟ್ ಮಾತ್ರ. ಅದರ ಮೇಲೆ ನೂರಕ್ಕೂ ಹೆಚ್ಚು ವ್ಯಾಟಿನ ಹೊರೆ ಹೇರಿದರೆ ಪ್ಲಗ್ಗಿನ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹೊತ್ತಬಹುದು. ಕಾಗದದ ರೀಮುಗಳು, ಶಾಯಿ, ಪ್ಲೇಟ್ ತೊಳೆಯುವ ದ್ರಾವಣ ಒಂದೇ ಕೋಣೆಯಲ್ಲಿ ಇರುವ ಮುದ್ರಣಾಲಯಗಳಲ್ಲಿ ಈ ತಂತಿಯನ್ನು ಯಾರೂ ಕೊಡಬಾರದು, ಯಾರೂ ಹಾಕಿಸಿಕೊಳ್ಳಬಾರದು ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಹಾಗಾದರೆ ಎಸ್‌ಎಂಪಿಎಸ್ಸನ್ನೇ ದೊಡ್ಡದು ಹಾಕಿಸಿದರಾಯಿತಲ್ಲ ಎಂದರೆ ಅದೂ ಸುಲಭವಲ್ಲ. ಡೆಲ್, ಎಚ್‌ಪಿ, ಲೆನೊವೊ ಮೂರರ ಹಲವು ಮಾದರಿಗಳಲ್ಲಿ ಮದರ್‌ಬೋರ್ಡಿಗೆ ಹೋಗುವ ಮುಖ್ಯ ಪ್ಲಗ್ ಎಲ್ಲೆಡೆ ಸಿಗುವ 24 ಪಿನ್ನಿನದಲ್ಲ. ಆಯಾ ಕಂಪನಿ ತನ್ನದೇ ವಿನ್ಯಾಸ ಮಾಡಿಕೊಂಡಿರುತ್ತದೆ. ಎಸ್‌ಎಂಪಿಎಸ್‌ನ ಪೆಟ್ಟಿಗೆಯ ಆಕಾರ, ಮೊಳೆ ತೂತುಗಳ ಜಾಗ ಕೂಡ ಬೇರೆ. ಹೊರಗಿನ ಎಸ್‌ಎಂಪಿಎಸ್ ಕೂರದಿದ್ದಾಗ ಅದೇ ಕಂಪನಿಯ ಹೆಚ್ಚು ವ್ಯಾಟಿನದನ್ನು ಹುಡುಕಿ ತರಿಸಬೇಕು. ಅದು ಸಿಕ್ಕ ಮೇಲೂ ಯುಪಿಎಸ್ ನೆನಪಿರಬೇಕು. ನಮ್ಮಲ್ಲಿ ಬಹಳ ಕಡೆ ಇರುವ 600 ವಿಎ ಯುಪಿಎಸ್ ಹೊರುವುದು ಸಾಮಾನ್ಯವಾಗಿ 360 ವ್ಯಾಟ್. ಹೊಸ ಕಾರ್ಡ್ ಪೂರ್ತಿ ದುಡಿಯುವ ಹೊತ್ತಿಗೆ ಕರೆಂಟ್ ಹೋದರೆ ಯುಪಿಎಸ್ ತಕ್ಷಣ ಕೈಬಿಡಬಹುದು, ಉಳಿಸದ ಪುಟ ಹೋಗಬಹುದು. ಕಾರ್ಡ್ ಮಾರುವಾಗ "ನಿಮ್ಮ ಎಸ್‌ಎಂಪಿಎಸ್ ಎಷ್ಟು ವ್ಯಾಟ್, ಯುಪಿಎಸ್ ಎಷ್ಟರದ್ದು" ಎಂದು ಕೇಳುವ ಅಂಗಡಿಯವರೂ ಇದ್ದಾರೆ ಎಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು. ಅಂಥವರ ಸಂಖ್ಯೆ ಹೆಚ್ಚಲಿ.

ಬಣ್ಣ ಹೊಂದಿಸುವ ಕೆಲಸಕ್ಕೆ ಇನ್ನೊಂದು ಪೆಟ್ಟು ಇದೆ. ಹಳೆಯ ಒಳ್ಳೆಯ ಮಾನಿಟರುಗಳನ್ನು ನಾವು ಬಣ್ಣದ ನಂಬಿಕೆಯಿಂದ ಉಳಿಸಿಕೊಂಡಿರುತ್ತೇವೆ. ಅವುಗಳಲ್ಲಿ ಕೆಲವಕ್ಕೆ ಹಳೆಯ ಅನಲಾಗ್ ಬಗೆಯ ವಿಜಿಎ ಸಂಪರ್ಕ ಮಾತ್ರ ಇದೆ. ಎನ್‌ವಿಡಿಯಾದ ಜಿಟಿಎಕ್ಸ್ 10 ಸರಣಿಯಿಂದ ಈಚೆಗಿನ ಕಾರ್ಡುಗಳಲ್ಲಿ ಅನಲಾಗ್ ಸಂಕೇತ ಇಲ್ಲ. ಹಿಂದೆ ನಡೆಯುತ್ತಿದ್ದ ಅಗ್ಗದ ಡಿವಿಐ-ವಿಜಿಎ ಮೂತಿ ಅವಕ್ಕೆ ನಡೆಯುವುದಿಲ್ಲ. ಒಳಗೆ ಚಿಪ್ ಇರುವ ಪರಿವರ್ತಕವೇ ಬೇಕು. ಇದನ್ನು ಮೊದಲೇ ಹೇಳಿದರೆ ಗಿರಾಕಿ ಅದರ ಖರ್ಚನ್ನೂ ಸೇರಿಸಿ ಲೆಕ್ಕ ಹಾಕುತ್ತಾನೆ.

ಹಾರ್ಡ್ ಡಿಸ್ಕ್‌ಗಿಂತ ವೇಗದ, ಚಿಪ್‌ಗಳಿಂದಾದ ಡಿಸ್ಕ್ ಎನಿಸಿದ ಎಸ್‌ಎಸ್‌ಡಿ ಕುರಿತು ಸಿಹಿಸುದ್ದಿಯೂ ಇದೆ. ಹಳೆಯ ವರ್ಕ್‌ಸ್ಟೇಷನ್‌ಗೆ ಮಾಡಬಹುದಾದ ಸುಧಾರಣೆಗಳಲ್ಲಿ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವುದು, ಹೊಂದಾಣಿಕೆಯ ತಂಟೆ ಕಡಿಮೆ ಇರುವುದು ಸಾಟಾ ಎಸ್‌ಎಸ್‌ಡಿ. ಆದರೆ ಝಡ್420ರ ಕಾಲದ ಸಿ602 ಚಿಪ್‌ಸೆಟ್ಟಿನಲ್ಲಿ ಎರಡು ಸಾಟಾ ಪೋರ್ಟುಗಳು ಮಾತ್ರ ಸೆಕೆಂಡಿಗೆ 6 ಗಿಗಾಬಿಟ್‌ನವು, ನಾಲ್ಕು 3 ಗಿಗಾಬಿಟ್‌ನವು. ಸರಿಯಾದ ಪೋರ್ಟಿಗೆ ಚುಚ್ಚದಿದ್ದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಯನ್ನು ಅಡಾಪ್ಟರ್ ಕಾರ್ಡಿನ ಮೇಲೆ ಹಾಕಬಹುದು, ವಿಂಡೋಸ್ ಒಳಗೆ ಅದು ಕಾಣುತ್ತದೆ. ಆದರೆ ಆ ಕಾಲದ ಬಯೋಸ್‌ಗೆ ಎನ್‌ವಿಎಂಇ ಎಂದರೇನೆಂದೇ ತಿಳಿಯದು, ಆದ್ದರಿಂದ ಅದರಿಂದ ಯಂತ್ರ ಬೂಟ್ ಆಗುವುದಿಲ್ಲ. ಚಪ್ಪಟೆ ಕಡ್ಡಿಯಂಥ ಎಂ.2 ಆಕಾರದ ಡಿಸ್ಕುಗಳಲ್ಲೂ ಸಾಟಾ ಬಗೆಯದು ಬೇರೆ, ಎನ್‌ವಿಎಂಇ ಬಗೆಯದು ಬೇರೆ. ಕಡತಗಳನ್ನು ಕೂಡಿಡಲು ಬಳಸುವುದಾದರೆ ಎನ್‌ವಿಎಂಇ ಉತ್ತಮ ಆಯ್ಕೆ. ವಿಂಡೋಸ್ ಅದರಲ್ಲೇ ಹಾಕಿಕೊಡುತ್ತೇವೆ ಎಂದು ಭರವಸೆ ಕೊಡುವ ಮೊದಲು ಬೋರ್ಡಿನ ವಯಸ್ಸನ್ನು ನೋಡಬೇಕು. ಎರಡು ಟಿಬಿಗಿಂತ ದೊಡ್ಡ ಡಿಸ್ಕ್ ತಂದವರು ಅದನ್ನು ಎಂಬಿಆರ್ ಪದ್ಧತಿಯಲ್ಲಿ ವಿಂಗಡಿಸಿದರೆ ಮಿಕ್ಕ ಜಾಗ ದಕ್ಕುವುದಿಲ್ಲ, ಜಿಪಿಟಿ ಪದ್ಧತಿಯೇ ಬೇಕು.

ಇಷ್ಟೆಲ್ಲ ಹೊಂದಿಸಿದ ಮೇಲೆ ವಿಂಡೋಸ್ 11ರ ಪ್ರಶ್ನೆ ಎದುರಾಗುತ್ತದೆ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯ ಇರುವ ಯುಇಎಫ್‌ಐ (ಬಯೋಸ್‌ನ ಹೊಸ ರೂಪ), ಇಂಟೆಲ್ ಆದರೆ ಬಹುತೇಕ 8ನೆಯ ತಲೆಮಾರು ಅಥವಾ ಅದಕ್ಕಿಂತ ಈಚಿನ ಪ್ರೊಸೆಸರ್ ಬೇಕು. ನಾನು ಮೇಲೆ ಹೇಳಿದ ಯಾವ ಸುಧಾರಣೆಯಿಂದಲೂ 2012-13ರ ಯಂತ್ರ ಈ ಪಟ್ಟಿಯೊಳಗೆ ಬರುವುದಿಲ್ಲ. ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿಕೊಡುವ ವಿಧಾನಗಳು ಇವೆ, ಹಾಕಿಕೊಡುವವರೂ ಇದ್ದಾರೆ. ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟ್ ಸಿಗುವ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. "ವಿಂಡೋಸ್ 11 ನಡೀತದ" ಎಂಬ ಒಂದೇ ಮಾತಿನ ಮೇಲೆ ಪ್ರೊಸೆಸರ್, ರ‍್ಯಾಮ್ ಎಲ್ಲ ಬದಲಿಸಿಕೊಂಡ ಗಿರಾಕಿಗೆ ಈ ಸಂಗತಿಯನ್ನು ಹಣ ಪಡೆಯುವ ಮೊದಲೇ ತಿಳಿಸಬೇಕಲ್ಲವೇ? ತಿಳಿದ ಮೇಲೂ ಅವನು ಹಳೆಯದನ್ನೇ ಇಟ್ಟುಕೊಳ್ಳುವೆ ಎಂದರೆ ಅದಕ್ಕೆ ದಾರಿಗಳು ಇವೆ. ವಿಂಡೋಸ್ 10ರ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಯೋಜನೆಗೆ ನೋಂದಾಯಿಸಿಕೊಳ್ಳಬಹುದು, ಇಂಟರ್‌ನೆಟ್ ಕೆಲಸಕ್ಕೆ ಬೇರೆ ಯಂತ್ರ ಇಟ್ಟುಕೊಂಡು ಇದನ್ನು ಪುಟ ಜೋಡಣೆಗೆ ಮಾತ್ರ ಮೀಸಲಿಡಬಹುದು, ಕಚೇರಿಯ ಸಾಮಾನ್ಯ ಕೆಲಸಕ್ಕಾದರೆ ವಿಂಡೋಸ್ ಬದಲು ಲಿನಕ್ಸ್ ಹಾಕಬಹುದು.

ಮುದ್ರಣಾಲಯದವರು ಹಳೆಯ ಯಂತ್ರವನ್ನು ಬಿಡಲಾರದೆ ಹಿಡಿದುಕೊಂಡಿರುವುದಕ್ಕೆ ಇನ್ನೊಂದು ಕಾರಣ ಇದೆ, ಹೊರಗಿನವರಿಗೆ ಅದು ಸುಲಭಕ್ಕೆ ಕಾಣುವುದಿಲ್ಲ. ಹಳೆಯ ಕನ್ನಡ ಅಕ್ಷರ ಪ್ಯಾಕೇಜುಗಳು, ಪ್ಲೇಟ್ ತೆಗೆಯುವ ಯಂತ್ರದ ತಂತ್ರಾಂಶಗಳು ಯಂತ್ರಕ್ಕೆ ಚುಚ್ಚುವ ಡಾಂಗಲ್ ಎಂಬ ಕೀಲಿ ಇಲ್ಲದೆ ತೆರೆದುಕೊಳ್ಳುವುದಿಲ್ಲ. ಡಾಂಗಲ್‌ಗಳಲ್ಲಿ ಹಳೆಯವು, ಹಿಂದೆ ಪ್ರಿಂಟರಿಗೆ ಬಳಸುತ್ತಿದ್ದ ಪ್ಯಾರಲಲ್ ಪೋರ್ಟಿಗೆ ಚುಚ್ಚುವಂಥವು. ಹೊಸ ಬೋರ್ಡುಗಳಲ್ಲಿ ಆ ಪೋರ್ಟ್ ಇಲ್ಲ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ತಿರುಗಿಸುವ ಕೇಬಲ್ ಪ್ರಿಂಟರಿಗೆಂದು ಮಾಡಿದ್ದು. ಡಾಂಗಲ್ ಅದರಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಪ್ಯಾರಲಲ್ ಪೋರ್ಟ್ ಇರುವ ಕಾರ್ಡ್ ಹಾಕಿದರೂ ಹಳೆಯ ತಂತ್ರಾಂಶ ಹುಡುಕುವ ವಿಳಾಸದಲ್ಲಿ ಆ ಪೋರ್ಟ್ ಸಿಗದೆ ಹೋಗಬಹುದು. ಹಳೆಯ ಸ್ಕ್ಯಾನರನ್ನು ನಡೆಸುವ ತಂತ್ರಾಂಶವಾದ 32 ಬಿಟ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ಸೇರಿಕೊಳ್ಳುವುದಿಲ್ಲ, ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಹಾಗಾಗಿ ಕಂಪ್ಯೂಟರ್ ಬದಲಿಸುವುದೆಂದರೆ ಎಷ್ಟೋ ಕಡೆ ಸ್ಕ್ಯಾನರ್, ಅಕ್ಷರ ಪ್ಯಾಕೇಜು, ಪ್ಲೇಟ್ ಯಂತ್ರದ ತಂತ್ರಾಂಶ ಎಲ್ಲವನ್ನೂ ಬದಲಿಸುವುದು ಎಂದೇ ಅರ್ಥ. ಹೊಸ ಯಂತ್ರ ಕೊಂಡರೆ ಎಲ್ಲ ಸಮಸ್ಯೆಯೂ ತೀರುತ್ತದೆ ಎಂದು ಸಲಹೆ ಕೊಡುವವರು ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು.

ಈಗ ಬಿಲ್ಲಿನ ಮಾತಿಗೆ ಬರುತ್ತೇನೆ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಇದು ನಮಗೆ ಅರ್ಧ ಆಸರೆ ಮಾತ್ರ. ನನ್ನ ಸ್ನೇಹಿತರ ಪ್ರೊಸೆಸರಿನಲ್ಲಿ ದೋಷ ಇರಲಿಲ್ಲ. ಅದು ಅವರ ಯಂತ್ರಕ್ಕೆ ಹೊಂದಲಿಲ್ಲ, ಅಷ್ಟೆ. ಹೊಂದದಿರುವುದನ್ನು ದೋಷ ಎಂದು ಸಾಧಿಸುವುದು ಕಷ್ಟ. ಆದರೆ ಅದೇ ಕಾಯ್ದೆ, ಕೊಳ್ಳುವ ಸರಕಿನ ಗುಣಮಟ್ಟ, ಪ್ರಮಾಣ, ಬೆಲೆ ಮುಂತಾದವುಗಳ ಬಗ್ಗೆ ತಿಳಿಯುವ ಹಕ್ಕನ್ನು ಗ್ರಾಹಕನಿಗೆ ಕೊಟ್ಟಿದೆ. "ಝಡ್420ಕ್ಕೆ ಹೊಂದುತ್ತದೆ" ಎಂದು ಅಂಗಡಿಯವರು ಬರೆದು ಸಹಿ ಮಾಡಿಕೊಟ್ಟಿದ್ದರೆ, ಹೊಂದದೆ ಹೋದಾಗ ಆ ಬರಹವೇ ಮುರಿದ ಮಾತಾಗಿ ನಿಲ್ಲುತ್ತಿತ್ತು, ವಾದಕ್ಕೆ ಬೇರೆ ಸಾಕ್ಷಿ ಬೇಕಾಗುತ್ತಿರಲಿಲ್ಲ. ಫೋನಿನಲ್ಲಿ ಆಡಿದ ಮಾತಿಗೆ, ಕಚ್ಚಾ ಚೀಟಿಗೆ ಆ ಬಲ ಇಲ್ಲ. ಹೀಗಾಗಿ ಜಿಎಸ್‌ಟಿ ಉಳಿಯುತ್ತದೆಂದು ಕಚ್ಚಾ ಚೀಟಿಗೆ ಒಪ್ಪಿಕೊಳ್ಳುವ ರೂಢಿಯನ್ನು ನಮ್ಮ ಮುದ್ರಕ ಬಾಂಧವರು ಬಿಡಬೇಕು.

ಮುದ್ರಣಾಲಯ ವ್ಯಾಪಾರವಾದ್ದರಿಂದ ಗ್ರಾಹಕ ಆಯೋಗ ನಮಗಲ್ಲ ಎಂದು ಹಲವರು ಸುಮ್ಮನಿದ್ದುಬಿಡುತ್ತಾರೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ಹೊರಗಿಡುತ್ತದೆ ಎಂಬುದು ನಿಜ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದಷ್ಟೇ ಕೊಂಡು ತಾನೇ ಬಳಸುವವನನ್ನು ಅದು ಗ್ರಾಹಕನೆಂದೇ ಗಣಿಸುತ್ತದೆ. ಒಂದು ಯಂತ್ರ ಇಟ್ಟುಕೊಂಡು ತಾನೇ ಕುಳಿತು ಲಗ್ನಪತ್ರಿಕೆ ವಿನ್ಯಾಸ ಮಾಡುವ ಡಿಟಿಪಿಯವರು ಈ ವಿವರಣೆಯ ಆಧಾರದಲ್ಲಿ ದೂರು ಕೊಡಬಹುದು. ಐದು ಲಕ್ಷ ರೂಪಾಯಿಯವರೆಗಿನ ಖರೀದಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕ ಇಲ್ಲ, ದೂರು ಕೊಡಲು ಎರಡು ವರ್ಷದ ಕಾಲಾವಕಾಶ ಇದೆ. ಮೊದಲ ಹೆಜ್ಜೆಯಾಗಿ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಆದರೂ ಎಲ್ಲದಕ್ಕೂ ಆಯೋಗದ ಮೆಟ್ಟಿಲು ಹತ್ತಬೇಕೆಂಬ ಆಸೆ ನನಗಿಲ್ಲ. ಅಂಗಡಿಯವರೂ ನಾವೂ ವರ್ಷಾನುಗಟ್ಟಲೆ ಒಬ್ಬರನ್ನೊಬ್ಬರು ನಂಬಿ ನಡೆದವರು.

ಅಂಗಡಿಯವರ ಕಷ್ಟವನ್ನೂ ನಾನು ಬಲ್ಲೆ. ಹಳೆಯ ಭಾಗಗಳಲ್ಲಿ ಅವರಿಗೆ ಉಳಿಯುವ ಲಾಭ ತೀರ ಕಡಿಮೆ. ಗಿರಾಕಿ ತನ್ನ ಯಂತ್ರದ ಮಾದರಿಯನ್ನೇ ತಪ್ಪು ಹೇಳಿ ಆಮೇಲೆ ಅವರನ್ನು ದೂರುವುದೂ ಉಂಟು. ಕೆಲವರು ಭಾಗವನ್ನು ಬಲವಂತವಾಗಿ ಒತ್ತಿ ಸಾಕೆಟ್ಟಿನ ಪಿನ್ ಬಗ್ಗಿಸಿ ವಾಪಸ್ ತರುತ್ತಾರೆ. ಬರೆದುಕೊಟ್ಟರೆ ಇಂಥ ಹೊಣೆಯೆಲ್ಲ ತಮ್ಮ ತಲೆಗೆ ಬರುತ್ತದೆ ಎಂಬ ಅವರ ಅಂಜಿಕೆ ಸಹಜವಾದದ್ದು. ಆದರೆ ಬರಹ ಎರಡೂ ಕಡೆಯವರನ್ನು ಕಾಯುತ್ತದೆ. ಗಿರಾಕಿ ಕೊಟ್ಟ ಮಾದರಿ ಸಂಖ್ಯೆ, ಬಯೋಸ್ ಆವೃತ್ತಿ, ಎಸ್‌ಎಂಪಿಎಸ್‌ನ ವ್ಯಾಟ್ ಬಿಲ್ಲಿನಲ್ಲಿ ನಮೂದಾಗಿದ್ದರೆ, ತಪ್ಪು ಹೇಳಿದವನು ಗಿರಾಕಿಯೇ ಎಂದಾಗ ಅಂಗಡಿಯವರೂ ಅದನ್ನೇ ತೋರಿಸಬಹುದು. ಹೊಂದುತ್ತದೆಯೋ ಇಲ್ಲವೋ ಖಾತ್ರಿ ಇಲ್ಲದ ಭಾಗವಾದರೆ "ಖಾತ್ರಿ ಇಲ್ಲ, ಗಿರಾಕಿಯ ಹೊಣೆ" ಎಂದೇ ಬರೆಯಲಿ. ಅದನ್ನು ಓದಿಯೂ ಕೊಂಡವನಿಗೆ ಆಮೇಲೆ ಜಗಳ ತೆಗೆಯುವ ಹಕ್ಕು ಇರುವುದಿಲ್ಲ.

ಕೊಳ್ಳುವವರೂ ಬರಿಗೈಯಲ್ಲಿ ಹೋಗಬಾರದು. ಕ್ಯಾಬಿನೆಟ್ ತೆಗೆದು ಎಸ್‌ಎಂಪಿಎಸ್ ಮೇಲಿನ ಚೀಟಿ, ಈಗಿರುವ ರ‍್ಯಾಮಿನ ಚೀಟಿ, ಖಾಲಿ ಇರುವ ಪ್ಲಗ್ಗುಗಳು ಮತ್ತು ಸ್ಲಾಟುಗಳು, ಬಯೋಸಿನ ಮಾಹಿತಿ ಪುಟ, ಮಾನಿಟರಿನ ಹಿಂದಿನ ಸಂಪರ್ಕಗಳು, ಇವುಗಳ ಫೋಟೊ ಮೊಬೈಲಿನಲ್ಲಿ ಇದ್ದರೆ ಅಂಗಡಿಯವರ ಅರ್ಧ ಕೆಲಸ ಮುಗಿದಂತೆ. ಸಾಧ್ಯವಾದರೆ ಯಂತ್ರವನ್ನೇ ಒಯ್ದು ಅವರ ಮುಂದೆಯೇ ಹಾಕಿಸಿ, ವಿಂಡೋಸ್ ತೆರೆದು, ದೊಡ್ಡ ಕಡತವೊಂದನ್ನು ನಡೆಸಿ ನೋಡಿಯೇ ಹಣ ಕೊಡುವುದು ಮೇಲು. ಕ್ಯಾಲೆಂಡರ್ ಕೆಲಸ ಅಥವಾ ಲಗ್ನದ ಸೀಜನ್ ಜೋರಿರುವಾಗ ಇದನ್ನು ಹಚ್ಚಿಕೊಳ್ಳಬಾರದು. ಕೆಲಸ ಕಡಿಮೆ ಇರುವ ದಿನಗಳಲ್ಲಿ, ಹಳೆಯ ಡಿಸ್ಕಿನ ಪೂರ್ತಿ ಪ್ರತಿ ತೆಗೆದಿಟ್ಟುಕೊಂಡ ಮೇಲೆಯೇ ಕೈ ಹಾಕಬೇಕು.

ಈ ಪದ್ಧತಿಯನ್ನು ಒಂದಿಬ್ಬರು ಅಂಗಡಿಯವರು ಒಪ್ಪಿದರೆ ಸಾಲದು. ಹುಬ್ಬಳ್ಳಿಯಲ್ಲಿರುವ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಗಳ ಕಂಪ್ಯೂಟರ್ ವ್ಯಾಪಾರಿಗಳನ್ನೂ ಮುದ್ರಕರನ್ನೂ ಒಂದೆಡೆ ಕೂರಿಸಿ, ಯಂತ್ರದ ಮಾದರಿ, ಬಯೋಸ್ ಆವೃತ್ತಿ, ಭಾಗದ ಪೂರ್ಣ ಸಂಖ್ಯೆ, ಹೊಂದಾಣಿಕೆಯ ಭರವಸೆ, ಹಿಂದಿರುಗಿಸುವ ಅವಧಿ, ಇಷ್ಟು ಸಾಲುಗಳಿರುವ ಬಿಲ್ಲಿನ ಒಂದು ನಮೂನೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿಕೊಡಬೇಕೆಂದು ವಿನಂತಿಸುತ್ತೇನೆ. ಅಂಥ ನಮೂನೆ ಸಿದ್ಧವಾದರೆ ಅದನ್ನು ಕಡಿಮೆ ದರದಲ್ಲಿ ಮುದ್ರಿಸಿಕೊಡಲು ಗದಗಿನ ಮುದ್ರಕರು ಮುಂದೆ ಬರುತ್ತಾರೆಂಬ ನಂಬಿಕೆ ನನಗಿದೆ. ಗದಗಿನ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜು, ಹುಲಕೋಟಿಯ ರೂರಲ್ ಎಂಜಿನಿಯರಿಂಗ್ ಕಾಲೇಜು, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು, ನಮ್ಮ ಭಾಗದಲ್ಲಿ ಹೆಚ್ಚು ಬಳಕೆಯಲ್ಲಿರುವ ಹಳೆಯ ಮಾದರಿಗಳಿಗೆ ಯಾವ ಪ್ರೊಸೆಸರ್, ಯಾವ ರ‍್ಯಾಮ್, ಯಾವ ಕಾರ್ಡ್ ಹೊಂದುತ್ತದೆ ಎಂಬುದನ್ನು ಸ್ವತಃ ಹಾಕಿ ನೋಡಿ ಪಟ್ಟಿ ಮಾಡಿದರೆ, ಅದು ಅವರಿಗೆ ಒಳ್ಳೆಯ ಪಾಠವೂ ಆಗುತ್ತದೆ, ನಮಗೆ ದೊಡ್ಡ ಉಪಕಾರವೂ ಆಗುತ್ತದೆ. ಯಂತ್ರ ತಯಾರಿಸಿದ ಕಂಪನಿಗಳು ಹಳೆಯ ಮಾದರಿಗಳ ಕೈಪಿಡಿ ಮತ್ತು ಬಯೋಸ್ ಕಡತಗಳನ್ನು ತಮ್ಮ ಜಾಲತಾಣದಿಂದ ತೆಗೆಯದೆ ಉಳಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಗುಜರಿಯಾದ ಯಂತ್ರಗಳ ಮರುಸಂಸ್ಕರಣೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಗುಜರಿಗೆ ಹೋದ ಮೇಲೆ ಹೊರುವ ಆ ಹೊಣೆಗಿಂತ, ಯಂತ್ರ ಇನ್ನೂ ದುಡಿಯುತ್ತಿರುವಾಗಲೇ ಅದರ ಮಾಹಿತಿಯನ್ನು ಒದಗಿಸುವುದು ಅವರಿಗೂ ಹಗುರವಾದ ಕೆಲಸ.

ಕ್ಯಾಲೆಂಡರ್ ಕೆಲಸ ಶುರುವಾಗುವ ಮೊದಲೇ ಬಿಲ್ಲಿನ ಈ ನಮೂನೆ ಬಳಕೆಗೆ ಬರುವಂತೆ ಸಂಬಂಧಪಟ್ಟವರು ಮನಸ್ಸು ಮಾಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಮುದ್ರಣಪೂರ್ವ ವಿಭಾಗದ ಉದ್ಯೋಗಿ,
ಗದಗ